ಕುಕ್ಕರಕ್ಕನೂ ಸೋಡಾ ಇಲ್ಲದ ಪಾಚಿಯೂ

ಕುಕ್ಕರಕ್ಕನಿಗೆ ನಗು ತಡೆಯುವುದು ಗೊತ್ತಿಲ್ಲ. ಸೀನು ತಡೆದಾಳು, ಆಕಳಿಕೆ ತಡೆದಾಳು, ಗಂಡನ ಮೇಲೆ ಬಂದ ಸಿಟ್ಟನ್ನೂ ಊಟ ಮುಗಿಯುವ ತನಕ ತಡೆದಾಳು. ನಗು ಮಾತ್ರ ಬಂತೆಂದರೆ ಬಂತು. ಅದೂ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆನ್ನುವ ನಗುವಲ್ಲ. ಮೊದಲು ಭುಜ ಕುಣಿಯುತ್ತದೆ, ಆಮೇಲೆ ಕಣ್ಣಲ್ಲಿ ನೀರು, ಆಮೇಲೆ ಪಕ್ಕದಲ್ಲಿ ಯಾರಿದ್ದಾರೋ ಅವರ ತೋಳು ಹಿಡಿದುಕೊಂಡು ಕುಸಿಯುವುದು. ಮದುವೆಯ ದಿನ ಫೋಟೋ ತೆಗೆಯುವವನು "ಸ್ವಲ್ಪ ನಗಿ" ಅಂದದ್ದೇ ತಪ್ಪಾಯಿತು. ಒಂದೇ ಒಂದು ಫೋಟೋದಲ್ಲೂ ಅವಳ ಮುಖ ನೆಟ್ಟಗೆ ಬಂದಿಲ್ಲ. ಪಕ್ಕದಲ್ಲಿ ಗಂಡ ಬಸ್ಸು ತಪ್ಪಿಸಿಕೊಂಡವನ ಹಾಗೆ ನಿಂತಿದ್ದಾನೆ.

ಇಂಥವಳು ಬಂದು ಸೇರಿದ್ದಾದರೂ ಎಲ್ಲಿಗೆ ಅಂತೀರಿ? ನಗುವುದಕ್ಕೇ ಆಗದ ಜಾಗಕ್ಕೆ. ಮನೆಯ ಹಿಂದೆ ಅಂಗಳ, ಅಂಗಳದ ಆಚೆಗೊಂದು ಈಚೆಗೊಂದು ತಗಡಿನ ಶೆಡ್ಡು. ಅದೇ ಅವರ ಕಾರ್ಖಾನೆ. ಕಡಲಿನಿಂದ ಗಾಡಿಯಲ್ಲಿ ಬರುವ ಪಾಚಿಯನ್ನು ತೊಳೆದು, ಬೇಯಿಸಿ, ರಸ ಸೋಸಿ, ಹೆಪ್ಪುಗಟ್ಟಿಸಿ, ಒಣಗಿಸಿ ಅಗರ್ ಪುಡಿ ಮಾಡುತ್ತಾರೆ. ಮಿಠಾಯಿ ಮಾಡುವವರು ಜೆಲ್ಲಿ ಗಟ್ಟಿಯಾಗಲಿ ಎಂದು ಹಾಕುತ್ತಾರಲ್ಲ, ಅದೇ ಪುಡಿ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಪಾಚಿ ಕೇಳಿದ ಕೂಡಲೇ ರಸ ಕೊಟ್ಟುಬಿಡುವ ಉದಾರಿಯಲ್ಲ. ಅದನ್ನು ಮೊದಲು ಕಾಸ್ಟಿಕ್ ಸೋಡಾ ನೀರಿನಲ್ಲಿ ಬೇಯಿಸಬೇಕು, ಆಸಿಡ್ಡಿನಲ್ಲಿ ಅದ್ದಬೇಕು, ಬ್ಲೀಚಿಂಗ್ ಪುಡಿ ಹಾಕಿ ಬೆಳ್ಳಗೆ ಮಾಡಬೇಕು. ಇಷ್ಟೆಲ್ಲ ಆಗುವಾಗ ಶೆಡ್ಡಿನೊಳಗೆ ಏಳುವ ಘಾಟಿನಲ್ಲಿ ಮೂಗಿನ ತುದಿಯಿಂದ ಸಣ್ಣಗೆ ಉಸಿರಾಡಿಕೊಂಡು ಕೆಲಸ ಮಾಡಬೇಕು. ನಗುವುದೆಂದರೋ, ಎದೆ ತುಂಬ ಉಸಿರೆಳೆದುಕೊಳ್ಳುವ ವ್ಯವಹಾರ. ಹೊಸತರಲ್ಲಿ ಒಂದು ದಿನ ಅವಳು ಒಳಗೆ ನಿಂತು ಮನಸಾರೆ ನಕ್ಕಳು. ಆಮೇಲೆ ಸಂಜೆಯವರೆಗೂ ಕೆಮ್ಮಿದಳು.

ಕಾರ್ಖಾನೆಯ ಯಜಮಾನರು ಅವಳ ಗಂಡನ ಅಣ್ಣ. ಅವಳು ಭಾವ, ಭಾವ ಎಂದು ಕರೆಯುವುದನ್ನು ಕೇಳಿ ಪಾಚಿ ತೊಳೆಯುವ ಹೆಂಗಸರೂ ಅವರನ್ನು ಭಾವ ಎಂದರು. ಅದರ ಮುಂದೆ ಸೋಡಾ ತಾನಾಗಿ ಬಂದು ಅಂಟಿಕೊಂಡಿತು. ಸೋಡಾ ಭಾವನಿಗೆ ಬೇರೆ ಯಾವುದರ ಮೇಲೆ ಎಷ್ಟು ನಂಬಿಕೆಯಿತ್ತೋ ಗೊತ್ತಿಲ್ಲ, ಸೋಡಾದ ಮೇಲಿದ್ದ ನಂಬಿಕೆ ಇಡೀ ಬೀದಿಗೆ ಗೊತ್ತಿತ್ತು. ಬಚ್ಚಲು ಕಟ್ಟಿಕೊಂಡರೆ ಸೋಡಾ. ನೆಲಕ್ಕೆ ಎಣ್ಣೆ ಚೆಲ್ಲಿದರೆ ಸೋಡಾ. ತಮ್ಮ ಒಮ್ಮೆ ಅಂಗಿಯ ಕಾಲರಿನ ಕಲೆ ಹೋಗುತ್ತಿಲ್ಲ ಎಂದು ಬಾಯಿತಪ್ಪಿ ಹೇಳಿದ. ಮರುದಿನ ಕಲೆಯೂ ಇರಲಿಲ್ಲ, ಕಾಲರೂ ಇರಲಿಲ್ಲ. ಹಾಗಂತ ಮನುಷ್ಯ ಕೆಟ್ಟವರಲ್ಲ. ಅಪ್ಪನ ಕಾಲದಿಂದ ಸೋಡಾ ಹಾಕಿದ ಪಾಚಿ ಗಟ್ಟಿ ಜೆಲ್ಲಿ ಕೊಟ್ಟಿದೆ, ಆ ಜೆಲ್ಲಿಯಿಂದಲೇ ಮನೆ ನಡೆದಿದೆ, ಇನ್ನು ಬೇರೆ ಯೋಚನೆ ಯಾಕೆ ಅನ್ನುವವರು.

ಸೋಡಾ ತೊಟ್ಟಿಯ ಮುಚ್ಚಳ ತೆಗೆಯುವಾಗ ಗಂಟೆ ಹೊಡೆಯುವ ಪದ್ಧತಿಯೂ ಅವರದೇ. ಗಂಟೆ ಕೇಳಿದ ಕೂಡಲೇ ಪಂಪು ಆರಿಸಬೇಕು, ಬಾಗಿಲು ಪೂರ್ತಿ ತೆರೆಯಬೇಕು, ಉಸಿರು ಬಿಗಿಹಿಡಿದು ಕಾಲಿಗೆ ಬುದ್ಧಿ ಹೇಳಬೇಕು. ಘಾಟು ಇಳಿಯಿತೇ ಎಂದು ಭಾವ ಬಾಗಿಲಲ್ಲಿ ಮೂಗು ಚಾಚಿ ನೋಡಿ ಕೈಬೀಸುವ ತನಕ ಯಾರೂ ಒಳಗೆ ಹೋಗುವಂತಿಲ್ಲ. ಅಲ್ಲಿಯವರೆಗೆ ಅಂಗಳದಲ್ಲಿ ಏನು ಮಾಡುವುದು? ಚಹಾ ಕುಡಿಯುವುದು. ಅವಳಿಗಂತೂ ದಿನದಲ್ಲಿ ಅದೊಂದೇ ಹೊತ್ತು ಸ್ವಂತದ್ದು. ಬೆಳಗಿನಿಂದ ಅದುಮಿಟ್ಟ ನಗುವನ್ನೆಲ್ಲ ಅಲ್ಲಿ ನಿಂತು ಒಟ್ಟಿಗೇ ನಕ್ಕುಬಿಡುತ್ತಿದ್ದಳು. ಯಾವುದಕ್ಕೆ ನಗುತ್ತಿದ್ದಾಳೆ ಎಂದು ತಿಳಿಯದೆಯೇ ಉಳಿದವರೂ ಸೇರಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ಹೀಗೆ ನಡೆದು, ಗಂಟೆ ಕೇಳಿದರೆ ಯಾರೂ ಯೋಚಿಸುತ್ತಿರಲಿಲ್ಲ. ಕಾಲುಗಳೇ ಎದ್ದು ಹೊರಟುಬಿಡುತ್ತಿದ್ದವು.

ನಕ್ಕಾಗ ಬರುತ್ತಿದ್ದ ಕೆಮ್ಮು ಬರಬರುತ್ತಾ ನಗದಿದ್ದಾಗಲೂ ಬರತೊಡಗಿತು. ಡಾಕ್ಟರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಎರಡರಲ್ಲಿ ಒಂದು ಬಿಡ್ಬೇಕಮ್ಮಾ. ಆ ಶೆಡ್ ಬಿಡಿ, ಇಲ್ಲಾ ಆ ಸೋಡಾ ಬಿಡಿ."

"ಸೋಡಾನ ನಮ್ಮ ಭಾವ ಬಿಡಲ್ಲ ಡಾಕ್ಟ್ರೇ. ನನ್ನನ್ನ ಬೇಕಾದ್ರೆ ಬಿಡ್ತಾರೆ," ಎಂದು ಅವಳು ನಕ್ಕಳು. ನಕ್ಕು ಕೆಮ್ಮಿದಳು. ಅದನ್ನು ಕಂಡು ಡಾಕ್ಟರ ಮುಖ ಇನ್ನಷ್ಟು ಗಂಟಾಯಿತು, ಆ ಮುಖ ನೋಡಿ ಅವಳಿಗೆ ಮತ್ತೆ ನಗು ಬಂತು.

ಮನೆಗೆ ಬಂದ ಮೇಲೆ ಮಾತ್ರ ನಗು ಬರಲಿಲ್ಲ. ಶೆಡ್ಡಿನ ಕೆಲಸ ಅವಳಿಗೆ ಜೀವ. ನೀರಿನ ಹಾಗೆ ಜುಳುಜುಳು ಹರಿಯುವ ರಸ ತಟ್ಟೆಯಲ್ಲಿ ಸುಮ್ಮನೆ ಕೂತು, ಯಾರೂ ನೋಡದಿರುವಾಗ ಗಟ್ಟಿಯಾಗಿಬಿಡುತ್ತದಲ್ಲ, ಅದನ್ನು ಎಷ್ಟು ಸಲ ಕಂಡರೂ ಅವಳಿಗೆ ಸಾಕಾಗಿರಲಿಲ್ಲ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಅದು ಥಕಥಕ ಕುಣಿಯುತ್ತಿತ್ತು, ಇವಳ ಭುಜವೂ ಕುಣಿಯುತ್ತಿತ್ತು. ಈಗ ಡಾಕ್ಟರ ಮಾತಿಗೆ ಕಟ್ಟುಬಿದ್ದು ಮುಂದಿನ ಕೋಣೆಯಲ್ಲಿ ಕೂತಳು. ಟೀವಿ ಹಾಕಿದರೆ ಟೀವಿಯ ಮೇಲಿನ ಧೂಳೇ ಕಾಣುತ್ತಿತ್ತು. ಕಪಾಟಿನ ಬಟ್ಟೆಗಳನ್ನು ತೆಗೆದು ಮಡಿಚಿಟ್ಟಳು, ಮತ್ತೆ ತೆಗೆದು ಇನ್ನೊಂದು ಥರ ಮಡಿಚಿಟ್ಟಳು. ಗೋಡೆಯಾಚೆ ಪಂಪು ಗುರ್ರೆಂದರೆ ಅಳು ಬರುತ್ತಿತ್ತು. ಸದಾ ನಗುವವಳು ಅಳತೊಡಗಿದರೆ ಮನೆಮಂದಿಗೆ ಕೈಕಾಲೇ ಆಡುವುದಿಲ್ಲ. ಗಂಡ ಬೇಡದ ನಲ್ಲಿಗಳನ್ನೆಲ್ಲ ಬಿಚ್ಚಿ ರಿಪೇರಿ ಮಾಡುತ್ತಾ ಓಡಾಡಿದ.

ಆಗ ಅಖಾಡಕ್ಕೆ ಇಳಿದವಳು ಭಾವನ ಮಗಳು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಮುಗಿಸಿ ಬಂದು ಅಪ್ಪನ ಕಾರ್ಖಾನೆಗೇ ಸೇರಿಕೊಂಡವಳು; ಮನೆಯಲ್ಲಿ ಅವಳನ್ನು ಕೆಮಿಸ್ಟ್ರಿ ಎಂದೇ ಕರೆಯುವುದು. ಚಿಕ್ಕಮ್ಮನ ಜೊತೆ ಸೇರಿ ನಗುವುದರಲ್ಲಿ ಎತ್ತಿದ ಕೈ. ಚಿಕ್ಕಮ್ಮ ನಗದ ಮನೆ ಅವಳಿಗೆ ಬಿಕೋ ಎನ್ನಿಸಿತು. ಒಂದು ದಿನ ಎಲ್ಲರೂ ಊಟಕ್ಕೆ ಕೂತಾಗ ಬಾಯಿ ಬಿಟ್ಟಳು.

"ಅಪ್ಪಾ, ನಮಗೆ ಸೋಡಾ ಬೇಡ. ಬರೀ ನೀರು ಸಾಕು."

"ನೀರು ಸಾಕು ಅನ್ನೋದಾದ್ರೆ ಪಾಚಿ ಸಮುದ್ರದಲ್ಲೇ ರಸ ಬಿಟ್ಟುಬಿಡ್ತಿರಲಿಲ್ವಾ? ಹುಟ್ಟಿದಾಗಿನಿಂದ ನೀರಲ್ಲೇ ಇದೆಯಲ್ಲ ಅದು," ಎಂದರು ಭಾವ.

ಚಿಕ್ಕಮ್ಮನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಎಷ್ಟೋ ದಿನಗಳ ಮೇಲೆ ಭುಜ ಕುಣಿಯಿತು. ಕೆಮಿಸ್ಟ್ರಿ ಅದನ್ನು ಕಂಡು ಇನ್ನಷ್ಟು ಹುರುಪಾದಳು.

"ಬಿಸಿನೀರು ಅಪ್ಪಾ, ಅದೂ ಒತ್ತಡದಲ್ಲಿ. ಅಡುಗೆಮನೆ ಕುಕ್ಕರ್ ಥರಾನೇ, ಆದ್ರೆ ದೊಡ್ಡದು. ತಂತಿ ಥರ ಇರೋ ಕೆಂಪು ಪಾಚಿ ಬರುತ್ತಲ್ಲ, ಅದಕ್ಕೆ ಸೋಡಾ ಇಲ್ಲದೇನೇ ಗಟ್ಟಿಯಾಗೋ ಗುಣ ಇದೆ."

"ಮತ್ತೆ ಬೆಳ್ಳಗೆ ಮಾಡೋದಕ್ಕೆ? ಅದಕ್ಕೂ ನೀರಾ?"

"ಅದಕ್ಕೂ ನೀರೇ. ಜೆಲ್ಲಿನ ಐಸ್ ಮಾಡಿ ಮತ್ತೆ ಕರಗೋಕೆ ಬಿಟ್ರೆ ಒಳಗಿನ ನೀರು ಬಣ್ಣ, ಉಪ್ಪು, ವಾಸನೆ ಎಲ್ಲಾನೂ ಕರ್ಕೊಂಡು ಹೊರಗೆ ಹೋಗುತ್ತೆ. ಬ್ಲೀಚಿಂಗ್ ಬೇಡ, ಆಸಿಡ್ ಬೇಡ. ಚರಂಡಿಗೆ ವಿಷ ಹೋಗಲ್ಲ. ಮಿಕ್ಕ ಚರಟ ಗಿಡಕ್ಕೆ ಗೊಬ್ಬರ."

ಭಾವ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಹಾಗಾದ್ರೆ ಇಷ್ಟು ವರ್ಷ ಸೋಡಾ ಹಾಕಿದ ನಮ್ಮಪ್ಪ ದಡ್ಡನಾ?"

ಮಗಳು ತಬ್ಬಿಬ್ಬಾದಳು. ಸಹಾಯಕ್ಕೆ ಬಂದವಳು ಚಿಕ್ಕಮ್ಮನೇ. "ಮಾವ ಯಾಕೆ ದಡ್ಡರಾಗ್ತಾರೆ ಭಾವ? ಅವರ ಕಾಲದಲ್ಲಿ ಅಷ್ಟು ದೊಡ್ಡ ಕುಕ್ಕರ್ ಎಲ್ಲಿತ್ತು?"

ಭಾವನ ಮುಖ ಸಡಿಲವಾಯಿತು. ಇಷ್ಟೇ ಸಾಕು ಎಂದು ಅವರ ತಮ್ಮ ಊಟ ಬಿಟ್ಟು ಎದ್ದ. ಹಳೆಯ ಕಬ್ಬಿಣದ ಅಂಗಡಿಯಲ್ಲಿ ಆಳೆತ್ತರದ, ಹೊಟ್ಟೆ ಡುಬ್ಬನೆಯ ಉಕ್ಕಿನ ಹಂಡೆಯೊಂದು ತನಗಾಗಿಯೇ ಕಾದಿದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಅದಕ್ಕೆ ಗಟ್ಟಿ ಮುಚ್ಚಳ, ಒತ್ತಡ ತೋರಿಸುವ ಮುಳ್ಳು, ಹೆಚ್ಚಾದ ಹಬೆ ಬಿಡುವ ಸೀಟಿ ಎಲ್ಲ ಕೂರಿಸಿ, ಬಲ್ಲವರಿಂದ ಪರೀಕ್ಷೆ ಮಾಡಿಸಿದ. ಮೊದಲ ಸಲ ಸೀಟಿ ಕೂಗಿದಾಗ ಭಾವ ಬಾಗಿಲ ಹಿಂದೆ ಅಡಗಿದರು. ಚಿಕ್ಕಮ್ಮ ಮಾತ್ರ ಹಂಡೆಯ ಎದುರು ಸೊಂಟಕ್ಕೆ ಕೈಯಿಟ್ಟು ನಿಂತು, "ಕೂಗು ಮರೀ, ಕೂಗು, ನಿನ್ನ ಗಂಟಲಾದ್ರೂ ಚೆನ್ನಾಗಿದೆ," ಎಂದಳು. ಕುಕ್ಕರಕ್ಕ ಎಂಬ ಹೆಸರು ಅಂದು ಬಿದ್ದದ್ದು.

ಆದರೆ ಮೊದಲ ಅಡುಗೆ ಕೆಟ್ಟಿತು. ತಂತಿಯಂಥ ಪಾಚಿ ಬರುವುದಕ್ಕೆ ಇನ್ನೂ ಸಮಯವಿತ್ತು, ಇವರಿಗೋ ತಾಳ್ಮೆಯಿರಲಿಲ್ಲ. ಮನೆಯಲ್ಲಿದ್ದ ಮೆತ್ತನೆಯ ಪಾಚಿಯನ್ನೇ ಬೇಯಿಸಿದರು. ಅದು ಬಟ್ಟೆಗೆ ಹಾಕುವ ಗಂಜಿಯಂತೆ ಲೊಳಲೊಳ ಎಂದಿತು. ಭಾವ ಒಂದು ಚಮಚ ನಿಲ್ಲಿಸಿ ನೋಡಿದರು. ಚಮಚ ನಾಚಿಕೆಯಿಲ್ಲದೆ ಮುಳುಗಿತು. ಭಾವ ಬೈಯಲಿಲ್ಲ, ಅದೇ ಎಲ್ಲರಿಗೂ ಭಯವಾದದ್ದು. ನೆಟ್ಟಗೆ ಹೋಗಿ ಫೋನು ಮಾಡಿದರು. ಮರುದಿನ ಸೋಡಾ ಡ್ರಮ್ಮುಗಳು ಬಂದು ಗೇಟಿನ ಒಳಗೆ ಸಾಲಾಗಿ ನಿಂತವು.

"ಇನ್ನೊಂದೇ ಒಂದು ಸಲ ಅಪ್ಪಾ, ಸರಿಯಾದ ಪಾಚಿ ಹಾಕಿ," ಎಂದು ಕೆಮಿಸ್ಟ್ರಿ ಅವರ ತಲೆ ತಿಂದಳು.

ಆ ದಿನಗಳಲ್ಲೇ ಒಬ್ಬ ದೊಡ್ಡ ಗಿರಾಕಿ ಬರುವವರಿದ್ದರು. ಪ್ರಯೋಗಶಾಲೆಗಳಲ್ಲಿ ಚಪ್ಪಟೆ ತಟ್ಟೆಗೆ ಜೆಲ್ಲಿ ಹಾಕಿ ಅದರ ಮೇಲೆ ರೋಗಾಣು ಬೆಳೆಸಿ ನೋಡುತ್ತಾರಲ್ಲ, ಅಂಥ ತಟ್ಟೆಗಳನ್ನು ತಯಾರಿಸುವ ಕಂಪನಿಯವರು. ಇವರ ಮನೆಯಲ್ಲಿ ಅವರು ಬರುವ ಮೊದಲೇ ತಟ್ಟೆ ಸಾಹೇಬರಾಗಿದ್ದರು. ಭಾವ ತಮ್ಮನ ಹೆಂಡತಿಯನ್ನು ಕರೆದು ಕೂರಿಸಿಕೊಂಡರು.

"ನೋಡಮ್ಮಾ, ಅವರು ಬರೋ ದಿನಾನೇ ಒಂದು ಅಡುಗೆ ಮಾಡಿ ತೋರಿಸಿಬಿಡಿ. ಅವರು ಗಟ್ಟಿ ಅಂದ್ರೆ ಡ್ರಮ್ ವಾಪಸ್. ಮೆತ್ತಗಿದೆ ಅಂದ್ರೆ ಡ್ರಮ್ ಒಳಗೆ, ನೀನು ಹೊರಗೆ. ಆಮೇಲೆ ಹಠ ಮಾಡ್ಬೇಡ. ನಿನ್ನ ಎದೆನ ಹಾಳು ಮಾಡಿ ನಾನು ಕಾರ್ಖಾನೆ ನಡೆಸಲ್ಲ."

ಕುಕ್ಕರಕ್ಕ ಹೂಂ ಎಂದಳು. ಅಂದು ಅಡುಗೆಮನೆಗೆ ಹೋಗಿ, ಬೇಕಿಲ್ಲದಿದ್ದರೂ ಒಂದು ರಾಶಿ ಪಾತ್ರೆ ತೊಳೆದಳು.

ಸಾಹೇಬರು ಬರುವ ದಿನ ಬೆಳಿಗ್ಗೆ ಒಳ್ಳೇ ಚಳಿ. ತಂತಿಯಂಥ ಕೆಂಪು ಪಾಚಿ ಕುಕ್ಕರಿನೊಳಗೆ ಬೇಯುತ್ತಿತ್ತು. ಸೋಡಾ ತೊಟ್ಟಿಯ ಕೊಳೆ ಸೇರದಿರಲಿ ಎಂದು ಸೋಸುವ ಯಂತ್ರವನ್ನು ಆಚೆ ಶೆಡ್ಡಿನಲ್ಲಿ ಇಟ್ಟಿದ್ದರು. ಈಚೆಯಿಂದ ಆಚೆಗೆ ಅಂಗಳದಲ್ಲಿ ಸೊಂಟದೆತ್ತರಕ್ಕೆ ಗಂಡ ಹೊಸ ಪೈಪು ಎಳೆದಿದ್ದ. ಕೆಮಿಸ್ಟ್ರಿ ಎಲ್ಲರನ್ನೂ ನಿಲ್ಲಿಸಿ ಹೇಳಿದಳು: "ಕೇಳಿ, ರಸ ಪೈಪಿಗೆ ಬಂದ್ಮೇಲೆ ಪಂಪ್ ಮಾತ್ರ ನಿಲ್ಲಬಾರದು. ಅದು ಬೆಚ್ಚಗಾಗೋವಷ್ಟು ಆರಿದ್ರೆ ಸಾಕು, ಹೆಪ್ಪುಗಟ್ಟಿಬಿಡುತ್ತೆ. ಆಮೇಲೆ ಕುದಿಯೋ ನೀರಿನಷ್ಟು ಬಿಸಿ ಮಾಡೋವರೆಗೂ ಕರಗಲ್ಲ." ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಕುಕ್ಕರಕ್ಕನಂತೂ ಎರಡೆರಡು ಸಲ ಆಡಿಸಿದಳು.

ಬೆಂದಾಯಿತು. ಒತ್ತಡದ ಮುಳ್ಳು ನಿಧಾನವಾಗಿ ಇಳಿಯಿತು. ಗಂಡ ಪಂಪು ಹಾಕಿದ. ಕುಕ್ಕರಕ್ಕ ಉಸಿರು ಬಿಗಿಹಿಡಿದು ಕೆಳಗಿನ ವಾಲ್ವು ತಿರುಗಿಸಿದಳು. ಬಿಸಿ ರಸ ಗಳಗಳನೆ ಪೈಪಿಗೆ ನುಗ್ಗಿತು. ಆಗ ಅವಳಿಗೆ ಆದ ಸಂತೋಷದಲ್ಲಿ, ಇಷ್ಟು ವರ್ಷ ಸೋಡಾ ತೊಟ್ಟಿ ತೆರೆದಾಗಲೆಲ್ಲ ಕೈ ಏನು ಮಾಡುತ್ತಿತ್ತೋ ಅದನ್ನೇ ಮಾಡಿತು. ಹೋಗಿ ಗಂಟೆ ಹೊಡೆಯಿತು.

ಗಂಡ ಪಂಪು ಆರಿಸಿದ. ಭಾವ ಬಾಗಿಲು ತೆರೆದರು. ತೊಳೆಯುವ ಹೆಂಗಸರು ಓಡಿದರು. ಕೆಮಿಸ್ಟ್ರಿಯೂ ಓಡಿದಳು, ಅವಳೇನು ಆ ಗಂಟೆ ಕೇಳದೆ ಬೆಳೆದವಳೇ? ಎಲ್ಲರಿಗಿಂತ ಮುಂದೆ ಕುಕ್ಕರಕ್ಕ. ಅಂಗಳ ತಲುಪಿ ಎಲ್ಲರೂ ಒಟ್ಟಿಗೆ ಉಸ್ಸೆಂದರು. ಚಹಾ ಬಂತು. ಕುಕ್ಕರ್ ಸಿಡಿಯಲಿಲ್ಲ, ವಾಲ್ವು ಸೋರಲಿಲ್ಲ, ಪಾಚಿ ರಸ ಬಿಟ್ಟಿತ್ತು. ಯಾರನ್ನು ಕಂಡರೂ ಯಾರಿಗೂ ನಗು. ಅಡಗಿದ ಭಾವನ ಕಥೆಯನ್ನು ಗಂಡ ಅಭಿನಯಿಸಿ ತೋರಿಸಿದ, ಕುಕ್ಕರಕ್ಕ ಕೆಮಿಸ್ಟ್ರಿಯ ತೋಳು ಹಿಡಿದು ಕುಸಿದಳು. ಭಾವ ಮಾತ್ರ ಕರ್ತವ್ಯ ಮರೆಯದೆ ಶೆಡ್ಡಿನ ಬಾಗಿಲಲ್ಲಿ ಮೂಗು ಚಾಚಿ ನಿಂತಿದ್ದರು.

"ಹೇಗಿದೆ ಅಣ್ಣಾ?"

"ಇನ್ನೂ ಇದೆ, ಇನ್ನೂ ಇದೆ. ಸ್ವಲ್ಪ ತಾಳಿ," ಎಂದು ಅವರು, ಇಲ್ಲದ ಘಾಟಿಗೆ ಮುಖ ಸಿಂಡರಿಸಿ ಕೈಯಾಡಿಸಿದರು. ಮತ್ತೊಂದು ಸುತ್ತು ಚಹಾ ಬಂತು.

ಚಳಿಗೆ ಪೈಪಿಗೆ ಬೆನ್ನು ಕೊಟ್ಟು ನಿಂತಿದ್ದ ತೊಳೆಯುವ ಹೆಂಗಸೊಬ್ಬಳು ಗೊಣಗಿದಳು: "ಅಕ್ಕಾ, ಈ ಪೈಪು ತಣ್ಣಗಾಗೋಯ್ತು ನೋಡಿ. ಇಷ್ಟೊತ್ತು ಬೆನ್ನಿಗೆ ಹಾಯಾಗಿತ್ತು."

ಕುಕ್ಕರಕ್ಕನ ಲೋಟ ಬಾಯಿಯ ಹತ್ತಿರವೇ ನಿಂತಿತು. ಕೆಮಿಸ್ಟ್ರಿ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಕೇಳಿದಳು: "ನಾವೆಲ್ಲಾ ಯಾಕೆ ಹೊರಗಿದ್ದೀವಿ?"

ಆಮೇಲಿನ ಗಲಾಟೆ ಹೇಳತೀರದು. ಗಂಡ ಓಡಿ ಪಂಪು ಹಾಕಿದ. ಅದು ಮ್ಯಾಂ ಎಂದು ಒದರಿ, ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಪೈಪು ಈ ತುದಿಯಿಂದ ಆ ತುದಿಗೆ ಬಿರಡೆ ಹಾಕಿದಂತೆ ಕಟ್ಟಿಕೊಂಡಿತ್ತು. ಭಾವ ಮಗುಚಿದ ಬಕೆಟ್ಟಿನ ಮೇಲೆ ತಲೆಯ ಮೇಲೆ ಕೈಹೊತ್ತು ಕೂತರು. ಸ್ವಲ್ಪ ಹೊತ್ತಿಗೆ ಆಸೆಯಿಂದ ತಲೆಯೆತ್ತಿ, "ಪೈಪಿಗೆ ಒಂಚೂರು ಸೋಡಾ ಬಿ—" ಅನ್ನುವಷ್ಟರಲ್ಲಿ ಎಲ್ಲರೂ ಒಟ್ಟಿಗೆ "ಬೇಡ!" ಎಂದು ಕಿರುಚಿದರು. ಹೆಂಗಸರು ಹಳೆಯ ಬೆಡ್‌ಶೀಟು ತಂದು ಪೈಪಿಗೆ ಸುತ್ತಿದರು. ಕೆಮಿಸ್ಟ್ರಿ ನೀರು ಕುದಿಸಿ ಕುದಿಸಿ ಕೊಟ್ಟಳು, ಕುಕ್ಕರಕ್ಕ ಅದನ್ನು ಬೆಡ್‌ಶೀಟಿನ ಮೇಲೆ ಸುರಿಯುತ್ತಾ ಹೋದಳು. ಹಬೆ ಏಳುತ್ತಿತ್ತು, ಅವಳ ಕಣ್ಣಲ್ಲಿ ನೀರೂ ಸುರಿಯುತ್ತಿತ್ತು. ಗಂಟೆ ಹೊಡೆದದ್ದು ಬೇರೆ ಯಾರಾದರೂ ಆಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ತನ್ನದೇ ಕೈ. ಇನ್ನು ಆ ಕೈಗೆ ಮುಂದಿನ ಕೋಣೆ, ಕಪಾಟು, ಮಡಿಚಿದ್ದನ್ನೇ ಮಡಿಚುವ ಬಟ್ಟೆ.

ಗೇಟಿನ ಹತ್ತಿರ ಪೈಪು ತಿರುಗುವ ಕಡೆ ಗಂಡ ಜೋಡಣೆ ಬಿಚ್ಚಿದ. "ಈಗ ಹಿಂದಿನಿಂದ ಬಿಸಿನೀರು ಬಿಟ್ಟು ತಳ್ಳಿ ನೋಡ್ತೀನಿ. ಎಲ್ಲಾ ಪಕ್ಕಕ್ಕೆ ನಿಲ್ಲಿ," ಎಂದು ಕೂಗಿ, ಇನ್ನೊಂದು ಪಂಪಿನ ಗುಂಡಿ ಒತ್ತಿದ. ಸರಿಯಾಗಿ ಆ ಗಳಿಗೆಯಲ್ಲೇ ಗೇಟು ತೆಗೆದುಕೊಂಡು, ಕೈಯಲ್ಲಿ ಪೆಟ್ಟಿಗೆ ಹಿಡಿದು, ಫಳಫಳ ಹೊಳೆಯುವ ಬೂಟು ಹಾಕಿಕೊಂಡು ತಟ್ಟೆ ಸಾಹೇಬರು ಒಳಗೆ ಬಂದರು.

ಪೈಪಿನ ಬಾಯಿಂದ ಮೊದಲು ಪುಳಕ್ ಎಂದು ಸದ್ದಾಯಿತು. ಆಮೇಲೆ ಜೇನಿನ ಬಣ್ಣದ, ಕೋಲಿನಂತೆ ದುಂಡನೆಯ ಜೆಲ್ಲಿಯೊಂದು ಮೂತಿ ಹೊರಹಾಕಿತು. ಅದು ಬಂತು. ಇನ್ನೂ ಬಂತು. ತೊಯ್ದ ನೆಲದ ಮೇಲೆ ಅತ್ತಿತ್ತ ಓಲಾಡುತ್ತಾ, ಎಲ್ಲೂ ತುಂಡಾಗದೆ, ಸಾಹೇಬರ ಬೂಟಿನ ತನಕ ಹೋಗಿ, ಬೂಟನ್ನು ಒಮ್ಮೆ ಮುಟ್ಟಿ, ದಾರಿ ಬದಲಿಸಿ, ಡ್ರಮ್ಮುಗಳ ಸುತ್ತ ತಿರುಗಿ ಬರುತ್ತಲೇ ಇತ್ತು. ಸಾಹೇಬರು ಒಂದು ಕಾಲು ಮೇಲೆತ್ತಿ ನಿಂತರು. ಕುಕ್ಕರಕ್ಕನಿಗೆ ಅಳುವಿನ ಮಧ್ಯೆಯೇ ಭುಜ ಕುಣಿಯತೊಡಗಿತು. ಈಗ ನಕ್ಕರೆ ಸರ್ವನಾಶ ಎಂದು ನಾಲಿಗೆ ಕಚ್ಚಿಕೊಂಡಳು.

"ಇದು... ನನಗೋಸ್ಕರನಾ?" ಎಂದರು ಸಾಹೇಬರು.

ಅವರು ಎತ್ತಿದ ಕಾಲನ್ನು ಇಳಿಸಿ, ಬಗ್ಗಿ, ಆ ಜೆಲ್ಲಿಯ ತುದಿಯನ್ನು ಎತ್ತಿಕೊಂಡರು. ಬಗ್ಗಿಸಿದರು, ಎಳೆದರು, ಹಗ್ಗದ ಹಾಗೆ ಮೊಣಕೈಗೆ ಸುತ್ತಿಕೊಂಡರು.

"ಎಷ್ಟು ಸೋಡಾ ಹಾಕಿದ್ರಿ ಇದಕ್ಕೆ?"

"ಒಂಚೂರೂ ಹಾಕಿಲ್ಲ ಸಾರ್," ಎಂದರು ಭಾವ ದುಃಖದಿಂದ. "ಅದಕ್ಕೇ ಈ ಗತಿಯಾಗಿದೆ."

"ಗತಿನಾ? ಮೆತ್ತಗಿದ್ದಿದ್ರೆ ನಿಮ್ಮ ಪಂಪೇ ಇದನ್ನ ಕಲಸಿ ಆಚೆ ಹಾಕ್ತಿತ್ತಲ್ರೀ. ಪೈಪನ್ನೇ ಕಟ್ಟಿ ಹಾಕಿದೆ ಅಂದ್ರೆ ಯೋಚನೆ ಮಾಡಿ."

ಕೆಮಿಸ್ಟ್ರಿ ಚಿಕ್ಕಮ್ಮನ ಕೈ ಹಿಡಿದು ಹಿಚುಕಿದಳು. ಇಲ್ಲಿಗೇ ಬಿಟ್ಟಿದ್ದರೆ ಆಗಿಹೋಗುತ್ತಿತ್ತು. ಆದರೆ ಸೋಡಾ ಭಾವನ ಪ್ರಾಮಾಣಿಕತೆ ಇಂಥ ಹೊತ್ತಿನಲ್ಲೇ ಬಾಲ ಬಿಚ್ಚುತ್ತದೆ.

"ಹಾಗಲ್ಲ ಸಾರ್. ಪೈಪಲ್ಲಿದ್ದದ್ದು ಮಂದ ರಸ, ಅದು ಗಟ್ಟಿ ಇದ್ದೇ ಇರುತ್ತೆ. ನಿಮ್ಮ ತಟ್ಟೆಗೆ ಎಷ್ಟು ತೆಳು ಬೇಕೋ ಅಷ್ಟು ನೀರು ಬೆರೆಸಿ ನೋಡಿ. ಆಮೇಲೆ ಹೇಳಿ."

ಕುಕ್ಕರಕ್ಕನಿಗೆ ಭಾವನ ಬಾಯಿಗೆ ಬೆಡ್‌ಶೀಟು ತುರುಕಬೇಕೆನ್ನಿಸಿತು. ಆದರೆ ಅವರು ಹೇಳಿದ್ದು ನ್ಯಾಯವೇ ಆಗಿತ್ತು, ಸಾಹೇಬರೂ ಒಪ್ಪಿದರು.

ಅಡುಗೆಮನೆಯಲ್ಲಿ ಪರೀಕ್ಷೆ. ಜೆಲ್ಲಿಯನ್ನು ತುಂಡು ಮಾಡಿ ಕುದಿಸಿ ಕರಗಿಸಿದರು. ಸಾಹೇಬರು ಪೆಟ್ಟಿಗೆಯಿಂದ ಉಪಕರಣಗಳನ್ನು ತೆಗೆದು, ಅಳೆದು, ನೀರು ಬೆರೆಸಿದರು. ಮತ್ತೆ ಅಳೆದು ಇನ್ನಷ್ಟು ಬೆರೆಸಿದರು. ಪ್ರತಿ ಸಲ ನೀರು ಬಿದ್ದಾಗಲೂ ಕುಕ್ಕರಕ್ಕನ ಜೀವ ತೆಳುವಾಗುತ್ತಾ ಹೋಯಿತು. ಕೊನೆಗೆ ಕುಡಿಯುವ ನೀರಿಗೂ ಅದಕ್ಕೂ ಏನೂ ವ್ಯತ್ಯಾಸ ಕಾಣದಂತಾದ ಮೇಲೆ ತಟ್ಟೆಗೆ ಸುರಿದು, "ಇದನ್ನ ಯಾರೂ ಅಲ್ಲಾಡಿಸ್ಬೇಡಿ," ಎಂದು ಮೇಜಿನ ಮೇಲಿಟ್ಟರು. ಎಲ್ಲರೂ ಸುತ್ತ ಕೂತರು. ಮೇಜು ಅಲುಗೀತೆಂದು ಗಂಡ ಮೊಣಕೈ ಕೂಡ ಊರಲಿಲ್ಲ. ಕುಕ್ಕರಕ್ಕ ನೋಡಲಾರದೆ ಒಲೆಯ ಕಡೆ ತಿರುಗಿ, ಒರೆಸಿದ ಕಟ್ಟೆಯನ್ನೇ ಒರೆಸಿದಳು.

"ಪ್ರಯೋಗಶಾಲೆಯಲ್ಲಿ ಈ ತಟ್ಟೆಗಳನ್ನ ತಲೆಕೆಳಗು ಮಾಡಿ ಇಡ್ತಾರೆ," ಎಂದರು ಸಾಹೇಬರು. "ಜೆಲ್ಲಿ ಕೆಳಗೆ ಬಿತ್ತು ಅಂದ್ರೆ ನನಗೆ ಬೇಡ."

"ಬೀಳುತ್ತೆ ಸಾರ್. ಸೋಡಾ ಇಲ್ಲ," ಎಂದರು ಭಾವ. ಮೇಜಿನ ಮೇಲೆ ಕೊಳೆಯಾಗದಿರಲಿ ಎಂದು ಅಂಗೈ ಬೊಗಸೆ ಮಾಡಿ ತಟ್ಟೆಯ ಕೆಳಗೆ ಹಿಡಿದರು.

ಸಾಹೇಬರು ತಟ್ಟೆಯನ್ನು ಆ ಬೊಗಸೆಯ ಮೇಲೆ ಮಗುಚಿ ಹಿಡಿದರು.

ಏನೂ ಬೀಳಲಿಲ್ಲ. ಸಾಹೇಬರು ತಟ್ಟೆಯನ್ನು ಅಲ್ಲಾಡಿಸಿದರು. ಹಿಂದಿನಿಂದ ಬೆರಳಿನಲ್ಲಿ ತಟ್ಟಿದರು. ಭಾವ ಬೊಗಸೆ ಹಿಡಿದೇ ಇದ್ದರು. ಕೆಳಗಿನಿಂದ ಬಗ್ಗಿ ನೋಡಿದರು. ಜೆಲ್ಲಿ ಮೇಲಿನಿಂದ ಹೊಳೆಯುತ್ತಿತ್ತು. ಸಾಹೇಬರು ತಟ್ಟೆಯನ್ನು ಮತ್ತೆ ನೆಟ್ಟಗಿಟ್ಟು, ಒತ್ತಿ ನೋಡುವ ಸಣ್ಣ ಉಪಕರಣವನ್ನು ಅದರ ಮೇಲೆ ಇಳಿಸಿ, ಅಂಕಿ ಓದಿ, ಇನ್ನೊಂದು ಸಲ ಓದಿದರು.

"ಬಣ್ಣ ಇನ್ನೂ ತಿಳಿಯಾಗ್ಬೇಕು. ಐಸ್ ಮಾಡಿ ಕರಗಿಸಿ, ಪುಡಿ ಮಾಡಿ ಕಳಿಸಿ, ಶುದ್ಧತೆನ ನಮ್ಮವರು ಪರೀಕ್ಷೆ ಮಾಡ್ತಾರೆ. ಗಟ್ಟಿತನದ ಬಗ್ಗೆ ಮಾತ್ರ ನನ್ನದೇನೂ ತಕರಾರಿಲ್ಲ. ಇಷ್ಟು ಗಟ್ಟಿ ನಾನೇ ಕೇಳಿರಲಿಲ್ಲ."

ಭಾವ ತಮ್ಮ ಖಾಲಿ ಬೊಗಸೆಯನ್ನು ತಿರುಗಿಸಿ ನೋಡಿದರು. ಆಮೇಲೆ ಅದನ್ನು ಪ್ಯಾಂಟಿಗೆ ಒರೆಸಿಕೊಂಡು ತಮ್ಮನ ಕಡೆ ತಿರುಗಿದರು.

"ಆ ಡ್ರಮ್ ತಂದವನಿಗೆ ಫೋನ್ ಮಾಡು. ಬಂದು ತಗೊಂಡು ಹೋಗ್ಲಿ." ತಮ್ಮನ ಹೆಂಡತಿಗೆ ಅಂದರು: "ನೀನ್ಯಾಕಮ್ಮಾ ಇನ್ನೂ ಒಲೆ ಒರೆಸ್ತಾ ನಿಂತಿದ್ದೀಯಾ? ಕುಕ್ಕರಲ್ಲಿ ಅರ್ಧ ರಸ ಹಾಗೇ ಇದೆ. ಆರೋದ್ರೊಳಗೆ ನೋಡು ಹೋಗು."

ಎಲ್ಲರೂ ಶೆಡ್ಡಿಗೆ ಓಡಿದರು, ಸಾಹೇಬರೂ ಹಿಂದೆಯೇ ಬಂದರು. ಹಂಡೆಯ ದಪ್ಪ ಹೊಟ್ಟೆ ಬಿಸಿ ಕಾಯ್ದುಕೊಂಡಿತ್ತು. ಗಂಡ ಗೇಟಿನಿಂದ ಮುಂದಕ್ಕೆ ಬೇರೆ ಪೈಪು ಜೋಡಿಸಿ, ಸುಡದೆ ಉಳಿದ ಪಂಪು ಹಾಕಿದ. ಕುಕ್ಕರಕ್ಕ ವಾಲ್ವು ತಿರುಗಿಸಿದಳು. ರಸ ಹರಿಯಿತು. ಹರಿಯುತ್ತಿದ್ದಂತೆ ಭಾವನ ಕಾಲುಗಳು ತಮ್ಮಷ್ಟಕ್ಕೆ ಬಾಗಿಲ ಕಡೆ ಹೊರಟದ್ದು, ಅರ್ಧ ದಾರಿಯಲ್ಲಿ ಅವರಿಗೇ ಗೊತ್ತಾಗಿ ನಿಂತದ್ದು, ಏನೂ ಆಗಿಲ್ಲವೆಂಬಂತೆ ಗೋಡೆಯನ್ನು ಪರೀಕ್ಷಿಸತೊಡಗಿದ್ದು, ಎಲ್ಲವೂ ಕುಕ್ಕರಕ್ಕನ ಕಣ್ಣಿಗೆ ಬಿತ್ತು.

ಭುಜ ಕುಣಿಯಿತು. ಬೆಳಗಿನಿಂದ ತಡೆದದ್ದೆಲ್ಲ, ಬೂಟು ಮುಟ್ಟಿದ ಜೆಲ್ಲಿ, ಒಂಟಿಕಾಲಿನ ಸಾಹೇಬರು, ಖಾಲಿ ಬೊಗಸೆ, ಎಲ್ಲ ಒಟ್ಟಿಗೆ ನುಗ್ಗಿ ಬಂತು. ಇನ್ನು ತಡೆಯಲಾಗದೆಂದು ಅವಳು ಬಾಯಿ ಮುಚ್ಚಿಕೊಂಡು ಅಂಗಳದ ಕಡೆ ಓಡಿದಳು. ಬಾಗಿಲಲ್ಲಿ ಭಾವ ಕೈ ಅಡ್ಡ ಹಿಡಿದರು.

"ಎಲ್ಲಿಗೆ ಹೋಗ್ತೀಯಾ? ಇಲ್ಲೇ ನಗು."

ಅವಳು ಅವರ ಮುಖ ನೋಡಿದಳು. ಭಾವ ನಗುತ್ತಿರಲಿಲ್ಲ, ಅವರ ಕಣ್ಣು ತೇವವಾಗಿತ್ತು. ಅಲ್ಲೇ, ಹಂಡೆಗೆ ಬೆನ್ನು ಕೊಟ್ಟು, ಎದೆ ತುಂಬ ಉಸಿರೆಳೆದುಕೊಂಡು, ಅವಳು ತಗಡಿನ ಸೂರು ಅದುರುವ ಹಾಗೆ ನಕ್ಕಳು. ಗಂಡ ನೀರಿನ ಲೋಟ ಹಿಡಿದು ನಿಂತ, ಕೆಮಿಸ್ಟ್ರಿ ಬೆನ್ನು ನೀವಲು ಕೈ ಚಾಚಿದಳು. ಇಬ್ಬರೂ ಕೆಮ್ಮು ಬರಲಿ ಎಂದು ಕಾದರು. ಕಾದು ಕಾದು ಕೊನೆಗೆ ಆ ನೀರನ್ನು ಗಂಡ ತಾನೇ ಕುಡಿದ, ಅವಳು ಇನ್ನೂ ನಗುತ್ತಲೇ ಇದ್ದಳು.